ಎಸಿ ತರುವ ಮೊದಲು ಒಮ್ಮೆ ಮಾಳಿಗೆ ಹತ್ತಿ

ಪ್ರಶ್ನೆ: ಅಕ್ಕಾರೆ, ನಮ್ಮದು ವಿಜಯಪುರದಲ್ಲಿ ಮೇಲ್ಮಹಡಿಯ ಸ್ವಂತ ಮನೆ, ಆರ್‌ಸಿಸಿ. ಹೋದ ವರ್ಷ ಕೂಲರ್ ತಂದೆವು. ಮೊದಲ ಅರ್ಧ ಗಂಟೆ ತಂಪು, ಆಮೇಲೆ ಮೈಯೆಲ್ಲ ಅಂಟಂಟು, ಹಾಸಿಗೆಯೂ ಹಸಿ ಹಸಿ. ಧೂಳು ಬರುತ್ತೆ ಅಂತ ಕಿಟಕಿ ಮುಚ್ಚಿಯೇ ಮಲಗುತ್ತೇವೆ. ಅತ್ತೆಗೆ 72 ವರ್ಷ, ಬಿಪಿ ಇದೆ, ರಾತ್ರಿಯಿಡೀ ಹೊರಳಾಡುತ್ತಾರೆ. ನಮ್ಮ ಮನೆಯವರು ಕಂತಿನ ಮೇಲೆ ಎಸಿ ತರೋಣ ಅಂತಾರೆ. ತರೋದಾ, ಬೇಡವಾ?

ಉತ್ತರ: ತಂಗಿ, ನಿಮ್ಮ ಕೂಲರ್ ಕೆಟ್ಟಿಲ್ಲ. ಕಿಟಕಿ ಮುಚ್ಚಿದ್ದೇ ತಪ್ಪಾಗಿದೆ.

ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುತ್ತದಲ್ವಾ, ಕೂಲರ್ ಕೆಲಸವೂ ಅದೇ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಒಣಗಾಳಿ ಬೇಕು, ಮತ್ತು ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಅದಕ್ಕೇನೂ ಕೊರತೆಯಿಲ್ಲ. ಕೋಣೆ ಮುಚ್ಚಿದರೆ ಆ ಹಸಿ ಅಲ್ಲೇ ಸುತ್ತುತ್ತದೆ, ಬೆವರು ಆರುವುದಿಲ್ಲ. ಕೂಲರನ್ನು ಕಿಟಕಿಯ ಹೊರಗಡೆಗೆ ಇಡಿ, ಎದುರಿನ ಕಿಟಕಿ ಅಥವಾ ಬಾಗಿಲನ್ನು ಒಂದು ಗೇಣು ತೆರೆದಿಡಿ. ಧೂಳಿಗೆ ಅಲ್ಲೊಂದು ತೆಳುವಾದ ಹಳೇ ಸೀರೆ ಕಟ್ಟಿ, ಸಾಕು. ಬೋರಿನ ನೀರಾದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ, ಆಗ ಗಾಳಿ ಆಡುವುದಿಲ್ಲ, ಪ್ಯಾಡ್ ಬದಲಿಸಿ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಟ್ಟಿ ತಿಕ್ಕಿ, ಇಲ್ಲವಾದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮತ್ತೆ ಇದೊಂದು ದಯವಿಟ್ಟು ಮರೆಯಬೇಡಿ: ನೀರು ತುಂಬುವಾಗ ಪ್ಲಗ್ ಕಿತ್ತೇ ತುಂಬಿ, ತಗಡಿನ ಕೂಲರಿನಿಂದ ಕರೆಂಟ್ ಹೊಡೆದು ಪ್ರಾಣ ಹೋಗಬಹುದು.

ಆದರೆ ಅತ್ತೆಯವರ ನಿದ್ದೆ ಕೆಡಿಸುತ್ತಿರುವುದು ಮುಖ್ಯವಾಗಿ ತಲೆಯ ಮೇಲಿನ ಸ್ಲ್ಯಾಬ್. ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟು ನೋಡಿ, ಹೊರಗೆ ಗಾಳಿ ತಣ್ಣಗಾಗಿದ್ದರೂ ಅದು ಬೆಚ್ಚಗೇ ಇರುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬ್ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ನಿಮ್ಮ ಮೇಲೆ ಬಿಡುತ್ತದೆ. ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಅಷ್ಟು ದಪ್ಪ ಮಣ್ಣು ದಾಟಿ ಝಳ ಒಳಗೆ ಬರುವಷ್ಟರಲ್ಲಿ ಹೊತ್ತೇ ಮುಳುಗಿರುತ್ತಿತ್ತು. ಮಧ್ಯಾಹ್ನ ಗೋಳಗುಮ್ಮಟದೊಳಗೆ ಕಾಲಿಟ್ಟಾಗ ತಂಪು ಅನ್ನಿಸುವುದೂ ಅದಕ್ಕೇ, ಅಲ್ಲಿ ಗೋಡೆಯೇ ಸುಮಾರು 3 ಮೀಟರ್ ದಪ್ಪ.

ನಾವು ಈಗ ಅಷ್ಟು ಮಣ್ಣು ಹೊರಿಸಲಾಗದು, ಸುಣ್ಣ ಬಳಿಯಬಹುದು. ಮಾಳಿಗೆ ಗುಡಿಸಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಸಲ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಅದರ ಮೇಲೆ ಆಳೆತ್ತರದಲ್ಲಿ ಹಸಿರು ಪರದೆ ಕಟ್ಟಿದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಪಶ್ಚಿಮದ ಕಿಟಕಿ ಮುಚ್ಚಿ, ಹೊರಗೆ ತಂಪಾದ ಮೇಲೆ ಎಲ್ಲ ತೆರೆದುಬಿಡಿ.

ಇನ್ನು ಎಸಿ. ಅದು ಐಷಾರಾಮ ಅಂತ ನಾನು ಹೇಳುವುದಿಲ್ಲ, ವಯಸ್ಸಾದವರಿಗೆ ಅದು ಬೇಕಾಗಬಹುದು. ಲೆಕ್ಕ ಮಾತ್ರ ಮೊದಲೇ ಗೊತ್ತಿರಲಿ. ಗಂಟೆಗೆ ಒಂದು ಯೂನಿಟ್ ಅಂತ ಹಿಡಿದರೂ ದಿನಾ ರಾತ್ರಿ 8 ತಾಸು ಓಡಿದರೆ ತಿಂಗಳಿಗೆ 240 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. 200 ವಾಟಿನ ಕೂಲರ್ ಅಷ್ಟೇ ಹೊತ್ತು ಓಡಿದರೆ 48 ಯೂನಿಟ್. ಆದ್ದರಿಂದ ಮೊದಲು ಸುಣ್ಣ, ಆಮೇಲೆ ಕಿಟಕಿ ತೆರೆದು ಕೂಲರ್. ಹದಿನೈದು ದಿನ ನೋಡಿ. ಆಗಲೂ ಅತ್ತೆಗೆ ನಿದ್ದೆ ಬರದಿದ್ದರೆ ಎಸಿ ತನ್ನಿ, 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಬಿಪಿಯ ಕೆಲವು ಮಾತ್ರೆ ಮೂತ್ರ ಜಾಸ್ತಿ ಮಾಡಿಸುತ್ತವೆ, ಬೇಸಿಗೆಗೆ ಡೋಸ್ ಬದಲಿಸಬೇಕಾ ಅಂತ ಅವರ ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಬಾಗಲಕೋಟೆಯಲ್ಲಿ ನಮ್ಮಪ್ಪ ಗೌಂಡಿ ಕೆಲಸ ಮಾಡುತ್ತಾರೆ. ದಿನಕ್ಕೆ ಐದಾರು ಲೀಟರ್ ನೀರು ಕುಡಿದರೂ ಸಂಜೆ ಮೀನಖಂಡ ಸೆಟೆದು ಒದ್ದಾಡುತ್ತಾರೆ. ಯಾಕೆ?

ಉತ್ತರ: ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ ತಮ್ಮಾ, ಬರೀ ನೀರು ಅದನ್ನು ತುಂಬಿಕೊಡುವುದಿಲ್ಲ. ಬುತ್ತಿಯ ಜೊತೆ ಉಪ್ಪು ಹಾಕಿದ ಮಜ್ಜಿಗೆ ಕಟ್ಟಿಕೊಡಿ. ಇಲ್ಲವೇ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಸಕ್ಕರೆ ಕಾಯಿಲೆ ಇದ್ದರೆ ಮಜ್ಜಿಗೆಯೇ ಸರಿ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನ್ ಕೆಳಗೆ ಕೂರುವವರಿಗೆ ಇರುವ ಅನುಕೂಲ ಬಿಸಿಲಲ್ಲಿ ಇಟ್ಟಿಗೆ ಹೊರುವವರಿಗೆ ಯಾಕಿಲ್ಲ? ಮೇಸ್ತ್ರಿ ಹತ್ತಿರ ಎಲ್ಲರೂ ಸೇರಿ ಕೇಳಿ, ಆರಕ್ಕೇ ಶುರು ಮಾಡಿ ಹನ್ನೆರಡಕ್ಕೆ ನಿಲ್ಲಿಸಲಿ.

ಕೆಲಸದ ಜಾಗದಲ್ಲಿ ಯಾರಾದರೂ ತೊದಲಿದರೆ, ಗೊಂದಲಗೊಂಡರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ಮಲಗಿಸಿ, ಮೈಮೇಲೆ ನೀರು ಸುರಿದು ಬೀಸುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.