‘ಚಿತ್ತಾ ವಿಯೊಲೆಂತಾ’ ಚಿತ್ರದ ಕೊನೆಯ ಲಿಫ್ಟ್ ದೃಶ್ಯದಲ್ಲಿ ಸದ್ದೇ ಇಲ್ಲ, ಯಾಕೆ?

ನಾವು ಆ ಕೊಲೆಯನ್ನು ಕೊಲೆಗಾರನ ಜಾಗದಿಂದ ನೋಡಬೇಕು ಅಂತ. ಗುಂಡು ಹೊಡೆಯುವವನು ದೂರದ ಛಾವಣಿಯ ಮೇಲಿದ್ದಾನೆ. ಸಾಯುವವರು ಗಾಜಿನ ಲಿಫ್ಟ್‌ನೊಳಗೆ ಇದ್ದಾರೆ. ಅವರ ಮಾತು ಅವನಿಗೆ ಕೇಳಿಸುವುದಿಲ್ಲ, ಹಾಗಾಗಿ ನಮಗೂ ಇಲ್ಲ.

ಕಥೆ ಗೊತ್ತಿಲ್ಲದವರಿಗೆ: ಇದು ಸೆರ್ಜಿಯೊ ಸೊಲ್ಲಿಮಾ ನಿರ್ದೇಶಿಸಿದ 1970ರ ಇಟಾಲಿಯನ್ ಚಿತ್ರ, ನಡೆಯೋದು ಮಾತ್ರ ಅಮೆರಿಕದಲ್ಲಿ. ಚಾರ್ಲ್ಸ್ ಬ್ರಾನ್ಸನ್ ಸುಪಾರಿ ಕೊಲೆಗಾರ. ಪ್ರೀತಿಸಿದ ಹೆಣ್ಣೇ ಮೋಸ ಮಾಡಿದ್ದಾಳೆ, ಅವನು ಸೇಡಿಗೆ ಹೊರಟಿದ್ದಾನೆ. (ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ.)

ಕೊನೆಯಲ್ಲಿ ಅವಳು ಲಿಫ್ಟ್‌ನಲ್ಲಿ ಮೇಲೆ ಹೋಗುತ್ತಿರುತ್ತಾಳೆ. ಮೊದಲು ಜೊತೆಗಿದ್ದವನು ಬೀಳುತ್ತಾನೆ. ಯಾರು ಹೊಡೆಯುತ್ತಿದ್ದಾರೆ ಅಂತ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ತುಟಿ ಅಲುಗುತ್ತದೆ, ಮಾತು ಬರುವುದಿಲ್ಲ. ಇಲ್ಲಿ ಬಂದೂಕಿನ ಸದ್ದು ಅಬ್ಬರಿಸಿದ್ದರೆ ಸೇಡು ತೀರಿತು ಅಂತ ನಮಗೂ ಸಮಾಧಾನ ಆಗುತ್ತಿತ್ತು, ಅಲ್ವಾ? ಮೌನ ಆ ಸಮಾಧಾನವನ್ನು ಕಿತ್ತುಕೊಳ್ಳುತ್ತದೆ. ಒಬ್ಬಳು ಸಾಯುವುದಷ್ಟೇ ಕಾಣುತ್ತದೆ. ಎನ್ನಿಯೊ ಮೊರಿಕೋನೆಯಂಥ ಸಂಗೀತಗಾರ ಕೈಯಲ್ಲಿದ್ದೂ ಹೀಗೆ ಮಾಡೋಕೆ ಧೈರ್ಯ ಬೇಕು.

ಇದು ಸುಮ್ನೆ ಆಗಿದ್ದಲ್ಲ ಅನ್ನೋಕೆ ಇನ್ನೊಂದು ಕಾರಣವಿದೆ. ಆಗಿನ ಇಟಾಲಿಯನ್ ಚಿತ್ರಗಳಲ್ಲಿ ಜಾಸ್ತಿ ಪಾಲು ಸದ್ದನ್ನು ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರು. ಮಾತು, ಹೆಜ್ಜೆ, ಗುಂಡು, ಎಲ್ಲವನ್ನೂ ಯೋಚಿಸಿಯೇ ಹಾಕುತ್ತಿದ್ದರು. ಚಿತ್ರದ ಆರಂಭದ ಕಾರ್ ಚೇಸ್‌ನಲ್ಲೂ ಮಾತು ಇಲ್ಲವೇ ಇಲ್ಲ ಅನ್ನಬಹುದು, ಆದರೆ ಅಲ್ಲಿ ಎಂಜಿನ್ನು, ಟೈರು ಕಿವಿ ತುಂಬುತ್ತವೆ.