ಅಣ್ಣ ಯಾರ ಜವಾಬ್ದಾರಿ?

ಪ್ರಿಯ ಸಹೋದರಿ,

ಅಣ್ಣನಿಗೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ತಿಂಗಳು ಮಾತ್ರೆ ಸಿಕ್ಕರೆ ಮುಂದಿನ ತಿಂಗಳು ಹೊರಗೆ ಕೊಳ್ಳಲು ಚೀಟಿ ಬರೆದುಕೊಡುತ್ತಾರೆ ಎಂದು ಬರೆದಿದ್ದೀರಿ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಹೋದಾಗ ‘ಚೆನ್ನಾಗಿಯೇ ಇದ್ದಾರಲ್ಲ’ ಎಂದು ಶೇ 40ಕ್ಕಿಂತ ಕಡಿಮೆ ನಮೂದಿಸಿದರು, ಪಿಂಚಣಿ ಕೈತಪ್ಪಿತು. ‘ಇಷ್ಟೊಂದು ಇಲಾಖೆಗಳಿವೆ, ನನ್ನ ಅಣ್ಣ ಯಾರ ಜವಾಬ್ದಾರಿ?’ ಎಂಬುದು ನಿಮ್ಮ ಪ್ರಶ್ನೆ.

ಕಾನೂನಿನ ಪ್ರಕಾರ ಎಲ್ಲರ ಜವಾಬ್ದಾರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 32ನೇ ಸೆಕ್ಷನ್ ಆರೋಗ್ಯ, ಸಾಮಾಜಿಕ ನ್ಯಾಯ, ಉದ್ಯೋಗ ಮುಂತಾದ ಇಲಾಖೆಗಳ ನಡುವೆ ಸಮನ್ವಯ ಸಾಧಿಸುವ ಹೊಣೆಯನ್ನು ಸರ್ಕಾರದ ಮೇಲೆಯೇ ಹೊರಿಸಿದೆ. ಆದರೆ ರೋಗಿಗಳ ಪಟ್ಟಿ ಆಸ್ಪತ್ರೆಯಲ್ಲಿ, ಪಿಂಚಣಿ ಕಡತ ನಾಡಕಚೇರಿಯಲ್ಲಿ, ಉದ್ಯೋಗ ಚೀಟಿ ಪಂಚಾಯಿತಿಯಲ್ಲಿ. ಇವನ್ನು ಒಟ್ಟಿಗೆ ಇಟ್ಟು ನೋಡುವವರಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿಯೇ.

ನಿಮಗೆ ನೋವು ತಂದ ಪ್ರಮಾಣಪತ್ರವನ್ನೇ ನೋಡಿ. ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯವನ್ನು ಅಳೆಯುವ ‘ಐಡಿಯಾಸ್’ ಮಾನದಂಡ ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಸಂವಹನ, ಕೆಲಸ ಇವುಗಳನ್ನು ವಿಚಾರಿಸುತ್ತದೆ. ಬೆಳಿಗ್ಗೆ ತಾಯಿ ಸ್ನಾನ ಮಾಡಿಸಿ, ಒಗೆದ ಅಂಗಿ ತೊಡಿಸಿ ಕರೆತಂದ ಮಗ ವೈದ್ಯರ ಮುಂದೆ ಕೂತಾಗ ಸ್ವಂತ ಆರೈಕೆಗೆ ಯಾವ ಅಂಕ ಬೀಳುತ್ತದೆ? ಒಬ್ಬನೇ ಬಿಟ್ಟರೆ ವಾರಗಟ್ಟಲೆ ನೀರು ಮುಟ್ಟುವುದಿಲ್ಲ ಎಂಬುದು ತಾಯಿಗೆ ಗೊತ್ತು, ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಗೊತ್ತು. ಆ ತಿಳಿವಳಿಕೆ ಬರಹದಲ್ಲಿ ವೈದ್ಯರ ಮೇಜಿಗೆ ತಲುಪಬೇಕು. ಇಲಾಖೆಗಳ ಸಹಕಾರವೆಂದರೆ ನನ್ನ ಪಾಲಿಗೆ ಮೊದಲು ಇದು. ಸಭೆ, ಸುತ್ತೋಲೆಗಳೆಲ್ಲ ಆಮೇಲೆ.

ಇದು ಆಗದ ಮಾತೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹೀಗೆ ಮಾತ್ರೆ ಹತ್ತಿರ ಬಂತು, ಪುನರ್ವಸತಿ ಹಿಂದೆ ಉಳಿಯಿತು. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಆ ಕೊರತೆ ತುಂಬಲು ನಿಮ್ಹಾನ್ಸ್, ಜಿಲ್ಲಾ ಕಾರ್ಯಕ್ರಮದ ತಂಡ, ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆ ಮತ್ತು ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಲಿವ್ ಲವ್ ಲಾಫ್ ಪ್ರತಿಷ್ಠಾನ ಕೈಜೋಡಿಸಿದವು. ಆಶಾ ಕಾರ್ಯಕರ್ತೆಯರ ಜೊತೆಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ (ವಿ.ಆರ್.ಡಬ್ಲ್ಯು.) ಈ ಕೆಲಸಕ್ಕೆ ಸೇರಿಸಿಕೊಂಡದ್ದು ನನಗೆ ಬಹಳ ಮುಖ್ಯವಾಗಿ ಕಂಡಿದೆ. ಗೌರವಧನಕ್ಕೆ ದುಡಿಯುವ ಈ ವಿ.ಆರ್.ಡಬ್ಲ್ಯು.ಗಳು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿದ್ದಾರೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಕಚೇರಿ ಅಲೆಯುವ ಕಷ್ಟ ಅವರಿಗೆ ಹೇಳಿಕೊಡಬೇಕಿಲ್ಲ.

ನಿಮ್ಮ ಪಂಚಾಯಿತಿಗೆ ಹೋಗಿ ವಿ.ಆರ್.ಡಬ್ಲ್ಯು. ಯಾರೆಂದು ಕೇಳಿ. ಅಣ್ಣನ ದಿನಚರಿಯನ್ನು ಅವರಿಂದ ಬರೆಸಿಕೊಂಡು, ಮರುಪರಿಶೀಲನೆಗೆ ಅರ್ಜಿ ಹಾಕಿ, ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದೊಯ್ಯಿರಿ. ಮಾತ್ರೆಯ ವಿಷಯದಲ್ಲಿ ಸಂಕೋಚ ಬೇಡ: ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕು ಎನ್ನುತ್ತದೆ ಕಾಯ್ದೆಯ 18ನೇ ಸೆಕ್ಷನ್. ಅದನ್ನು ಉಲ್ಲೇಖಿಸಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು, ಸ್ವೀಕೃತಿ ಪಡೆದುಕೊಳ್ಳಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅದರ ಪ್ರತಿಯನ್ನು ನಮಗೆ ಕಳುಹಿಸಿ; ಪತ್ರಿಕೆಯ ಕಡೆಯಿಂದ ನಾವೇ ಅವರನ್ನು ಕೇಳುತ್ತೇವೆ.

– ಸಂಪಾದಕ