ಓದುಗರ ಪ್ರಶ್ನೆ: ಎಲೆಯಂಚಿನಲ್ಲಿ ಇಲ್ಲದ ಮೂಲೆಗಳು

ಪ್ರಶ್ನೆ: ಬೇವಿನ ಎಲೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಬಿಂದು) ಸ್ಕ್ಯಾನ್ ಮಾಡಿ, ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣಾ ತಂತ್ರಾಂಶದಲ್ಲಿ ಅಂಚುರೇಖೆ ತೆಗೆದಿದ್ದೇನೆ. ಸುತ್ತಳತೆ ಸುಮಾರು 1,500 ಪಿಕ್ಸೆಲ್, ಹಲ್ಲಿನಿಂದ ಹಲ್ಲಿಗೆ ಸುಮಾರು 40. ಹಲ್ಲುಗಳ ತುದಿ ಮಾತ್ರ ಬೇಕು. ಆದರೆ ಪ್ರತಿ ಬಿಂದುವಿನ ಕೋನ ಲೆಕ್ಕ ಹಾಕಿದರೆ ನೇರವಾಗಿರುವಲ್ಲೂ ನೂರಾರು ಮೂಲೆ ಬರುತ್ತಿವೆ. ಏಕೆ?

ಉತ್ತರ: ಅಕ್ಕಪಕ್ಕದ ಪಿಕ್ಸೆಲ್‌ಗಳನ್ನೇ ಹಿಡಿದು ಕೋನ ಅಳೆದದ್ದರಿಂದ. ಪಿಕ್ಸೆಲ್ ಜಾಲದಲ್ಲಿ ಒಂದು ಹೆಜ್ಜೆಗೆ ಇರುವುದು ಎಂಟೇ ದಿಕ್ಕು. ತಿರುವು ಬಂದರೆ ಕನಿಷ್ಠ 45 ಡಿಗ್ರಿ. ಐದಕ್ಕೆ ಒಂದರಂತೆ ಏರುವ ಗೆರೆಯಲ್ಲಿ (3,0), (4,0), (5,1) ಬಿಂದುಗಳನ್ನು ನೋಡಿ: ನಡುವಿನದರಲ್ಲಿ ಕೋನ 135 ಡಿಗ್ರಿ! ಅದೇ ಬಿಂದುವಿನಿಂದ ಹಿಂದೆ ಮುಂದೆ ಐದೈದು ಹೆಜ್ಜೆ ಹೋದರೆ (−1,−1) ಮತ್ತು (9,1) ಸಿಗುತ್ತವೆ, ಕೋನ ಸರಿಯಾಗಿ 180.

ರೋಸೆನ್‌ಫೆಲ್ಡ್ ಮತ್ತು ಜಾನ್‌ಸ್ಟನ್ 1973ರಲ್ಲಿ ಕೊಟ್ಟ ವಿಧಾನದ ತಿರುಳು ಇದೇ. ‘ಕೆ’ ಹೆಜ್ಜೆ ಹಿಂದಿನ ಮತ್ತು ಮುಂದಿನ ಬಿಂದುಗಳಿಗೆ ಎರಡು ಸದಿಶ (ದಿಕ್ಕುಳ್ಳ ಗೆರೆ, ವೆಕ್ಟರ್) ಎಳೆದು, ಅವುಗಳ ನಡುವಿನ ಕೋನದ ಕೊಸೈನ್ ತೆಗೆಯಿರಿ. ನೇರ ಗೆರೆಗೆ −1, ಲಂಬಕೋನಕ್ಕೆ 0, ಚೂಪಾದಷ್ಟೂ +1ರ ಕಡೆಗೆ. ನಿಮ್ಮ ಎಲೆಗೆ ಕೆ = 8ರಿಂದ 12 ಇಟ್ಟು ನೋಡಿ. 20 ದಾಟಿದರೆ ಸದಿಶದ ತುದಿ ಪಕ್ಕದ ಹಲ್ಲನ್ನೇ ಏರಲು ತೊಡಗುತ್ತದೆ, ಕೋನಕ್ಕೆ ಅರ್ಥವಿರುವುದಿಲ್ಲ. ಕೊಸೈನ್ −0.8ಕ್ಕಿಂತ ಹೆಚ್ಚಿರುವ, ಅಂದರೆ ಕೋನ 143 ಡಿಗ್ರಿಗಿಂತ ಕಡಿಮೆಯಿರುವ ಬಿಂದುಗಳನ್ನು ಉಳಿಸಿ. ಅವುಗಳಲ್ಲೂ ಎರಡೂ ಬದಿಗೆ ಕೆ/2 ದೂರದೊಳಗೆ ಕೊಸೈನ್ ಅತಿ ಹೆಚ್ಚಿರುವ ಒಂದನ್ನೇ ಇಟ್ಟುಕೊಳ್ಳಿ. ಇಲ್ಲವಾದರೆ ಒಂದೇ ತುದಿಗೆ ನಾಲ್ಕೈದು ಗುರುತು ಬೀಳುತ್ತವೆ. ಹಲ್ಲುಗಳ ನಡುವಿನ ತಗ್ಗುಗಳೂ ಮೂಲೆಗಳೇ, ಎರಡು ಸದಿಶಗಳ ಸದಿಶಗುಣಲಬ್ಧದ (ಕ್ರಾಸ್ ಪ್ರಾಡಕ್ಟ್) ಚಿಹ್ನೆ ನೋಡಿ ಬೇರ್ಪಡಿಸಿ; ತುದಿಗೆ ಒಂದು ಚಿಹ್ನೆ, ತಗ್ಗಿಗೆ ಇನ್ನೊಂದು.

ಬಹಳ ಜನ ಎಡವುವುದು ಇಲ್ಲಿ: ಅಂಚುರೇಖೆ ತೆಗೆಯುವಾಗ ಓಪನ್‌ಸಿವಿ ಕೊಡುವ ‘ಚೈನ್ ಅಪ್ರಾಕ್ಸ್ ಸಿಂಪಲ್’ ಆಯ್ಕೆ ಅಡ್ಡ, ಉದ್ದ, ಓರೆ ಗೆರೆಗಳ ತುದಿಗಳನ್ನಷ್ಟೇ ಉಳಿಸುತ್ತದೆ. ಆಗ ಹತ್ತು ಹೆಜ್ಜೆ ಒಂದು ಕಡೆ ಹತ್ತು ಪಿಕ್ಸೆಲ್, ಇನ್ನೊಂದು ಕಡೆ ಅರವತ್ತು. ಎಲ್ಲ ಬಿಂದುಗಳನ್ನೂ ಉಳಿಸುವ ‘ಚೈನ್ ಅಪ್ರಾಕ್ಸ್ ನನ್’ ಆಯ್ಕೆಯನ್ನೇ ಬಳಸಿ. ರೇಖೆ ಮುಚ್ಚಿದ್ದರಿಂದ ಬಿಂದುವಿನ ಕ್ರಮಸಂಖ್ಯೆಯನ್ನು ಒಟ್ಟು ಬಿಂದುಗಳಿಂದ ಭಾಗಿಸಿದ ಶೇಷವನ್ನು ಬಳಸಿ, ಕೊನೆಯದರ ನಂತರ ಮತ್ತೆ ಮೊದಲನೆಯದು ಬರುವಂತೆ ಸುತ್ತಿಸಿ. ಆರಂಭದ ಬಳಿಯ ಹಲ್ಲು ತಪ್ಪಿಹೋಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲದರ ಬದಲು ಅಂಚುರೇಖೆಯನ್ನು ಕೆಲವೇ ಬಿಂದುಗಳಿಗೆ ಇಳಿಸುವ ಓಪನ್‌ಸಿವಿಯ ‘ಅಪ್ರಾಕ್ಸ್‌ಪಾಲಿಡಿಪಿ’ ಸಾಲದೇ?

ಉತ್ತರ: ಆಕಾರ ಸರಳಗೊಳಿಸಲು ಸಾಕು, ತುದಿ ಹುಡುಕಲು ಸಾಲದು. ಅದು ಅಳೆಯುವುದು ಗೆರೆಯಿಂದಿರುವ ದೂರವನ್ನು, ಚೂಪನ್ನಲ್ಲ. ನುಣುಪಾದ ಬಾಗಿನ ಮೇಲೂ ಬಿಂದು ಇಡುತ್ತದೆ. ಸುತ್ತಳತೆಯ ಶೇ. 1 ಎಂಬ ರೂಢಿಯ ಎಪ್ಸಿಲಾನ್ (ಗೆರೆಯಿಂದ ಬಿಂದು ಎಷ್ಟು ದೂರವಿದ್ದರೂ ಬಿಟ್ಟುಬಿಡಬಹುದು ಎಂಬ ಮಿತಿ) ಕೊಟ್ಟರೆ ನಿಮ್ಮಲ್ಲಿ 15 ಪಿಕ್ಸೆಲ್ ಆಗುತ್ತದೆ, 12 ಪಿಕ್ಸೆಲ್ ಆಳದ ಹಲ್ಲು ಅಳಿಸಿಹೋಗಬಹುದು. ಬಳಸಲೇಬೇಕೆಂದರೆ 2–3 ಪಿಕ್ಸೆಲ್ ಕೊಡಿ.